ಬೋಟು ನೀರಲ್ಲಿ, ಚುಕ್ಕಿ ತೆಂಗಿನ ತೋಟದಲ್ಲಿ: ಕಡಲಲ್ಲಿ ಫೋನ್ ಟ್ರ್ಯಾಕಿಂಗ್ ಕೈಕೊಟ್ರೆ ಏನೇನು ನೋಡ್ಬೇಕು

ಸಣ್ಣ ಫೈಬರ್ ಬೋಟು, ಕಯಾಕ್, ಗಾಳ ಹಾಕ್ಲಿಕ್ಕೆ ಹೋಗುವ ಔಟ್‌ಬೋರ್ಡ್ ದೋಣಿ, ಇಂಥದ್ರಲ್ಲಿ ಖುಷಿಗೆ ಅಂತ ಕಡಲಿಗೆ ಇಳಿಯುವವರು ಮಲ್ಪೆ, ಮುಲ್ಕಿ, ಗಂಗೊಳ್ಳಿ, ಹೊನ್ನಾವರ ಎಲ್ಲ ಕಡೆ ಇದ್ದಾರೆ ಈಗ. ಹೆಚ್ಚಿನವರ ಹತ್ರ ಚಾರ್ಟ್‌ಪ್ಲಾಟರ್, ಅಂದ್ರೆ ಬೋಟಿಗೇ ಕೂರಿಸುವ ಕಡಲ ಮ್ಯಾಪಿನ ಸ್ಕ್ರೀನ್ ಇಲ್ಲ, ವೈರ್‌ಲೆಸ್ ಇಲ್ಲ, ಇರುವುದು ಒಂದು ಫೋನು, ಅದರಲ್ಲಿ ಎರಡು ಮೂರು ಆಪ್ಪು. ಕೆಲಸ ಮಾಡುವಷ್ಟು ಹೊತ್ತು ಚೆಂದ. ಕೈಕೊಟ್ಟಾಗ ಜನ ಮೊದ್ಲು ಮಾಡುವುದೇ ಆಪ್ ತೆಗೆದು ಮತ್ತೆ ಹಾಕುವುದು, ದಯವಿಟ್ಟು ನೀರಿನ ಮಧ್ಯೆ ಇದನ್ನೊಂದು ಮಾಡ್ಬೇಡಿ, ಡೌನ್‌ಲೋಡ್ ಮಾಡಿಟ್ಟ ಆಫ್‌ಲೈನ್ ಮ್ಯಾಪೂ ಅದರ ಜೊತೆಗೇ ಹೋಗ್ತದೆ, ಮತ್ತೆ ಇಳಿಸ್ಲಿಕ್ಕೆ ಅಲ್ಲಿ ನೆಟ್ ಇರುವುದಿಲ್ಲ.

ಯಾವ ಚೆಕ್ ಮಾಡುವ ಮೊದ್ಲೂ ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. ನಾವು ಟ್ರ್ಯಾಕಿಂಗ್ ಅಂತ ಕರೆಯುವುದು ಒಂದೇ ಕೆಲಸ ಅಲ್ಲ, ಮೂರು. ಒಂದನೇದು, ತಾನು ಎಲ್ಲಿದ್ದೇನೆ ಅಂತ ಫೋನು ಸ್ಯಾಟಲೈಟಿಂದ ತಿಳ್ಕೊಳ್ಳುವುದು, ಇದಕ್ಕೆ ಸಿಮ್ಮೂ ಬೇಡ ನೆಟ್ಟೂ ಬೇಡ. ಎರಡನೇದು, ಆ ಜಾಗವನ್ನು ಮೊಬೈಲ್ ಟವರ್ ಮೂಲಕ ಮನೆಯವರಿಗೆ ಕಳಿಸುವುದು. ಮೂರನೇದು, ಸುತ್ತಮುತ್ತ ಇರುವ ಹಡಗು ತೋರಿಸುವುದು, ಇದು ಭಾರೀ ಸುತ್ತು ದಾರಿ: ತಾನು ಯಾರು, ಎಲ್ಲಿದ್ದೇನೆ ಅಂತ ಹೇಳ್ತಾ ಇರುವ ಹಡಗಿನ ಎಐಎಸ್ ರೇಡಿಯೋದಿಂದ ದಡದಲ್ಲಿರುವ ಯಾರದೋ ರಿಸೀವರ್‌ಗೆ, ಅಲ್ಲಿಂದ ಇಂಟರ್ನೆಟ್ಟಿಗೆ, ಕೊನೆಗೆ ನಿಮ್ಮ ಫೋನಿಗೆ. ಒಂದು ಕೆಟ್ರೆ ಉಳಿದೆರಡು ಸರಿಯೇ ಇರಬಹುದು. ಯಾವುದು ಕೆಟ್ಟದ್ದು ಅಂತ ಗೊತ್ತಾದ್ರೆ ಅರ್ಧ ರಿಪೇರಿ ಆದ ಹಾಗೆ.

ಫೋನಿಗೆ ಕೈ ಹಾಕುವ ಮೊದ್ಲು

ಬೋಟಿಗೆ ನೀರು ನುಗ್ತಾ ಇದ್ರೆ, ಇಂಜಿನ್ ನಿಂತು ಗಾಳಿ ನಿಮ್ಮನ್ನು ಬಂಡೆ ಕಡೆ ತಳ್ತಾ ಇದ್ರೆ, ಯಾರಾದ್ರೂ ನೀರಿಗೆ ಬಿದ್ದಿದ್ರೆ, ಸೆಟ್ಟಿಂಗ್ಸ್ ತೆಗೆದು ಕೂರುವ ಹೊತ್ತಲ್ಲ ಅದು. ಲೈಫ್ ಜಾಕೆಟ್ ಹಾಕಿ, ಆಳ ಕಮ್ಮಿ ಇದ್ರೆ ಲಂಗರು ಬಿಡಿ, ಫೋನ್ ಮಾಡಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಯಾವುದೂ ತೋಚದಿದ್ರೆ 112. ವೈರ್‌ಲೆಸ್ ಇದ್ದವರು ಚಾನೆಲ್ 16. ಇನ್ನು ಬೋಟ್ ಓಡಿಸುವವನೇ ಫೋನ್ ರಿಪೇರಿಗೆ ಕೂತ್ಕೊಳ್ಳುವುದು ಬೇಡ, ಒಬ್ಬರು ಚುಕ್ಕಾಣಿ ಮತ್ತೆ ಎದುರು ನೋಡ್ಲಿಕ್ಕೆ, ಇನ್ನೊಬ್ಬರು ಫೋನು. ಒಬ್ಬರೇ ಇದ್ರೆ ಇಂಜಿನ್ ನ್ಯೂಟ್ರಲ್‌ಗೆ ಹಾಕಿ ಸುತ್ತ ಒಮ್ಮೆ ನೋಡಿ, ಆಮೇಲೆ.

ನಮ್ಮ ಚುಕ್ಕಿ ದಡದಲ್ಲಿ ಕಾಣ್ತದೆ, ಇಲ್ಲ ಕಪ್ಪೆ ಹಾಗೆ ಹಾರ್ತದೆ

ಮ್ಯಾಪಲ್ಲಿ ನಮ್ಮ ಜಾಗ ತೋರಿಸುವ ಚುಕ್ಕಿ ಸುತ್ತ ತಿಳಿನೀಲಿ ವೃತ್ತ ಒಂದು ಬರ್ತದಲ್ಲ, ಮೊದ್ಲು ಅದನ್ನು ನೋಡಿ. ವೃತ್ತ ದೊಡ್ಡದಾಗಿ ಅರ್ಧ ಊರನ್ನೇ ಮುಚ್ಚಿದ್ರೆ ಫೋನು ಸ್ಯಾಟಲೈಟ್ ಬಿಟ್ಟು ಮೊಬೈಲ್ ಟವರಿಂದ ಅಂದಾಜು ಮಾಡ್ತಾ ಉಂಟು ಅಂತ ಅರ್ಥ, ಟವರ್ ಇರುವುದು ಊರಿನಲ್ಲಿ, ಹಾಗಾಗಿ ನಿಮ್ಮ ಚುಕ್ಕಿಯೂ ಯಾರದೋ ತೆಂಗಿನ ತೋಟದಲ್ಲಿ. ಲೊಕೇಶನ್ ಪರ್ಮಿಶನ್‌ಗೆ ಹೋಗಿ ಆ ಆಪ್‌ಗೆ ನಿಖರ ಸ್ಥಳ, ಅಂದ್ರೆ ಪ್ರಿಸೈಸ್ ಲೊಕೇಶನ್ ಆನ್ ಉಂಟಾ ನೋಡಿ. ಆಂಡ್ರಾಯ್ಡ್ ಐಫೋನ್ ಎರಡರಲ್ಲೂ ಇದು ಪ್ರತಿ ಆಪ್‌ಗೆ ಬೇರೆ ಬೇರೆ ಇರ್ತದೆ, ಗೂಗಲ್ ಮ್ಯಾಪ್‌ನಲ್ಲಿ ಸರಿ ತೋರಿಸಿ ಬೋಟ್ ಆಪ್‌ನಲ್ಲಿ ತಪ್ಪು ತೋರಿಸಿದ್ರೆ ಕಾರಣ ಹೆಚ್ಚಾಗಿ ಇದೇ.

ಅದು ಸರಿ ಇದ್ದರೆ ಫೋನನ್ನು ಬಯಲಿಗೆ ತನ್ನಿ. ಕಬ್ಬಿಣದ ಕ್ಯಾಬಿನ್ ಒಳಗೆ, ಔಟ್‌ಬೋರ್ಡ್ ಪಕ್ಕದ ಡಬ್ಬಿಯೊಳಗೆ, ಪ್ಯಾಂಟಿನ ಜೇಬಲ್ಲಿ ಕೂತ ಫೋನಿಗೆ ಆಕಾಶ ಕಾಣುವುದಿಲ್ಲ. ಆಕಾಶ ಪೂರ್ತಿ ತೆರೆದಿದ್ದ ಜಾಗದಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಸರಿ ಹೇಳ್ತದೆ, ಕಡಲಲ್ಲಿ ಮರ ಇಲ್ಲ ಬಿಲ್ಡಿಂಗ್ ಇಲ್ಲ, ಊರಿಗಿಂತ ಚೆನ್ನಾಗಿ ಬರಬೇಕು ನಿಜ ಹೇಳ್ಬೇಕಂದ್ರೆ. ಜಿಪಿಎಸ್ ಟೆಸ್ಟ್ ತರದ ಆಪ್ ಒಂದು ಮೊದ್ಲೇ ಹಾಕಿಟ್ಟುಕೊಂಡ್ರೆ ಎಷ್ಟು ಸ್ಯಾಟಲೈಟ್ ಸಿಗ್ತಾ ಉಂಟು ಅಂತ ಕಾಣ್ತದೆ, ಕನಿಷ್ಠ ನಾಲ್ಕು ಬೇಕು, ಬಯಲಲ್ಲಿ ಹತ್ತಕ್ಕಿಂತ ಮೇಲೆ ಇರ್ತದೆ ಸಾಮಾನ್ಯವಾಗಿ. ಅಲ್ಲಿ ಸರಿ ಇದ್ದು ನಿಮ್ಮ ಆಪ್‌ನಲ್ಲಿ ಮಾತ್ರ ತಪ್ಪಿದ್ರೆ ಆಪ್ ಸಮಸ್ಯೆ, ಅಲ್ಲೂ ಸೊನ್ನೆ ಇದ್ರೆ ಫೋನಿನ ಸಮಸ್ಯೆ.

ಇನ್ನೊಂದು ಉಂಟು. ಏರ್‌ಪ್ಲೇನ್ ಮೋಡಲ್ಲಿ ಜಿಪಿಎಸ್ ನಡೀತದೆ, ಆದ್ರೆ ತುಂಬ ದಿನ ಆಫ್ ಇದ್ದ ಫೋನನ್ನು ನೆಟ್ ಇಲ್ಲದ ಕಡೆ ಆನ್ ಮಾಡಿದ್ರೆ ಮೊದಲ ಫಿಕ್ಸ್, ಅಂದ್ರೆ ಸರಿಯಾದ ಜಾಗ ಸಿಗ್ಲಿಕ್ಕೆ ಹೊತ್ತು ಹಿಡೀತದೆ, ಯಾಕೆಂದ್ರೆ ಯಾವ ಸ್ಯಾಟಲೈಟ್ ಎಲ್ಲಿ ಉಂಟು ಅನ್ನುವ ಮಾಹಿತಿ ದಡದಲ್ಲಾದ್ರೆ ನೆಟ್‌ನಿಂದ ಕೂಡಲೇ ಬರ್ತದೆ, ಕಡಲಲ್ಲಿ ಅದನ್ನು ಸ್ಯಾಟಲೈಟಿಂದಲೇ ನಿಧಾನಕ್ಕೆ ಕೇಳ್ಕೊಳ್ಬೇಕು, ಪೂರ್ತಿ ಪಟ್ಟಿ ಬರ್ಲಿಕ್ಕೆ 12.5 ನಿಮಿಷ ಬೇಕು. ಹಾಗಾಗಿ ಧಕ್ಕೆಯಲ್ಲೇ, ಅಂದ್ರೆ ಬೋಟು ಕಟ್ಟುವ ಕಟ್ಟೆಯಲ್ಲೇ, ಮ್ಯಾಪ್ ತೆಗೆದು ಚುಕ್ಕಿ ಕೂತ ಮೇಲೆ ಹೊರಡಿ. ಐದು ಸೆಕೆಂಡಿಗೆ ಸಿಗ್ಲಿಲ್ಲ ಅಂತ ಫೋನ್ ರೀಸ್ಟಾರ್ಟ್ ಮಾಡಿ ಮಾಡಿ ಕೇಳುವ ಕೆಲಸವನ್ನು ಮೊದಲಿಂದ ಶುರು ಮಾಡಿಸ್ಬೇಡಿ.

ಫೋನ್ ಸರಿ, ಆಕಾಶ ಸರಿ, ಆದರೂ ಚುಕ್ಕಿ ಹತ್ತಾರು ಕಿಲೋಮೀಟರ್ ಆಚೆ ಅಂದ್ರೆ, ಮತ್ತೆ ಪಕ್ಕದವರ ಫೋನಲ್ಲೂ ಹಾಗೇ ಇದ್ರೆ, ಹೊರಗಿನಿಂದ ಯಾರೋ ಸಿಗ್ನಲ್ ಕೆಡಿಸ್ತಾ ಇರಬಹುದು. ನಮ್ಮ ಕಡೆ ಇದು ಅಪರೂಪ. ದುಬೈ, ಮಸ್ಕತ್ ಕಡೆ ಇರುವ ನಮ್ಮೂರವರಿಗೆ ಇದು ಕತೆ ಅಲ್ಲ, 2025ರ ಜೂನ್‌ನಲ್ಲಿ ಹೊರ್ಮುಜ್ ಜಲಸಂಧಿ ಆಸುಪಾಸು ನೂರಾರು ಹಡಗುಗಳ ಜಿಪಿಎಸ್ ಕೆಟ್ಟು, ಮ್ಯಾಪಲ್ಲಿ ಹಡಗುಗಳು ನೆಲದ ಮೇಲೆಲ್ಲ ನಿಂತಿದ್ವು. ಅಲ್ಲಿ ವಾರಾಂತ್ಯಕ್ಕೆ ಬೋಟ್ ತೆಗೆಯುವವರು ಹೀಗಾದ ದಿನ ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಿ, ಸೆಟ್ಟಿಂಗ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ.

ಟ್ರ್ಯಾಕ್ ಗೆರೆ ಮಧ್ಯದಲ್ಲಿ ಕಟ್ ಆಗಿದೆ

ವಾಪಸ್ ಬಂದು ನೋಡಿದ್ರೆ ದ್ವೀಪ ಸುತ್ತಿ ಬಂದದ್ದು ಕಾಣುವುದಿಲ್ಲ, ದ್ವೀಪದ ಮಧ್ಯದಿಂದಲೇ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ನೇರ ಗೆರೆ. ಅಂಕುಡೊಂಕು ಗೆರೆ ಬಂದ್ರೆ ಸಿಗ್ನಲ್ ಕೆಟ್ಟದ್ದು ಅಂತ, ನೇರ ಗೆರೆ ಬಂದ್ರೆ ಆ ಹೊತ್ತು ಆಪ್ ನಿದ್ದೆ ಹೋಗಿತ್ತು ಅಂತ. ಎರಡಕ್ಕೂ ಮದ್ದು ಬೇರೆ.

ನಿದ್ದೆ ಮಾಡಿಸುವುದು ಫೋನ್ ಕಂಪನಿಯವರ ಬ್ಯಾಟರಿ ಉಳಿಸುವ ಉಪಾಯ. ಸ್ಕ್ರೀನ್ ಆಫ್ ಆದ ಸ್ವಲ್ಪ ಹೊತ್ತಿಗೆ ಹಿಂದೆ ಓಡುವ ಆಪನ್ನು ಮುಗಿಸಿ ಬಿಡ್ತದೆ. ಲೊಕೇಶನ್ ಪರ್ಮಿಶನ್ 'ಯಾವಾಗಲೂ' ಅಂತ ಇಡಿ, 'ಆಪ್ ಬಳಸುವಾಗ ಮಾತ್ರ' ಸಾಲುವುದಿಲ್ಲ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆಪ್‌ಗೆ ಅನ್‌ರಿಸ್ಟ್ರಿಕ್ಟೆಡ್ ಕೊಡಿ. ಶಿಯೋಮಿ, ವಿವೋ, ಒಪ್ಪೋ ಫೋನುಗಳಲ್ಲಿ ಆಟೋಸ್ಟಾರ್ಟ್ ಅಂತ ಇನ್ನೊಂದು ಬಾಗಿಲು ಬೇರೆ ಉಂಟು, ಅದನ್ನೂ ತೆರೀಬೇಕು. ಬ್ಯಾಟರಿ ಸೇವರ್ ಮೋಡ್ ಆನ್ ಇದ್ರೆ ಕೆಲವು ಫೋನಲ್ಲಿ ಸ್ಕ್ರೀನ್ ಆಫ್ ಆದ ಕೂಡಲೇ ಲೊಕೇಶನ್ನೇ ನಿಲ್ತದೆ, ಜನ ಚಾರ್ಜ್ ಉಳಿಯಲಿ ಅಂತ ಇದನ್ನು ಕಡಲಲ್ಲೇ ಆನ್ ಮಾಡ್ತಾರೆ ಪಾಪ. ಇದನ್ನೆಲ್ಲ ಕಡಲಲ್ಲಿ ಪರೀಕ್ಷೆ ಮಾಡ್ಲಿಕ್ಕೆ ಹೋಗ್ಬೇಡಿ, ಟ್ರ್ಯಾಕಿಂಗ್ ಶುರು ಮಾಡಿ ಫೋನ್ ಲಾಕ್ ಮಾಡಿ ಸ್ಕೂಟರಲ್ಲಿ ಪೇಟೆಗೆ ಹೋಗಿ ಬನ್ನಿ, ಗೆರೆ ರಸ್ತೆ ಮೇಲೇ ಬಂದ್ರೆ ಆಯ್ತು.

ಮನೆಯವರಿಗೆ ನಾವು ಕಾಣ್ತಾ ಇಲ್ಲ, ಫೋನ್ ಮೇಲೆ ಫೋನ್

ಮನೆಯವರು ನೋಡ್ತಾ ಇರುವುದು ವಾಟ್ಸಾಪ್ ಲೈವ್ ಲೊಕೇಶನ್ ಆದ್ರೆ ಅದರ ಅವಧಿ ನೋಡಿ. 15 ನಿಮಿಷ, 1 ಗಂಟೆ, 8 ಗಂಟೆ, ಮೂರೇ ಆಯ್ಕೆ ಇರುವುದು. ಅವಸರದಲ್ಲಿ 1 ಗಂಟೆ ಒತ್ತಿ ಹೊರಟ್ರೆ ಸರಿಯಾಗಿ ಒಂದು ಗಂಟೆಗೆ ಚುಕ್ಕಿ ಮಾಯ, ಮನೆಯಲ್ಲಿ ಅಮ್ಮ ದೇವರ ಎದುರು ದೀಪ ಹಚ್ಚಿ ಆಗಿರ್ತದೆ. 8 ಗಂಟೆ ಒತ್ತಿ.

ಅವಧಿ ಮುಗಿಯದೇ ನಿಂತಿದ್ರೆ ಅದು ಟವರ್ ಸಮಸ್ಯೆ. ಮೊಬೈಲ್ ಟವರಿನ ಆಂಟೆನಾಗಳನ್ನು ಊರಿನ ಕಡೆ, ಸ್ವಲ್ಪ ಕೆಳಕ್ಕೆ ಬಾಗಿಸಿ ಇಟ್ಟಿರ್ತಾರೆ, ಕಡಲಲ್ಲಿ ಗಿರಾಕಿ ಇಲ್ಲ ಅಲ್ವಾ. ಅದರ ಮೇಲೆ ಭೂಮಿಯ ಉಬ್ಬು. 30 ಮೀಟರ್ ಎತ್ತರದ ಟವರಿನ ದಿಗಂತ ಸುಮಾರು 20 ಕಿಲೋಮೀಟರ್, ದೋಣಿಯಲ್ಲಿ ಕೂತ ನಿಮ್ಮದು ಸೇರಿಸಿದ್ರೆ ಇನ್ನೊಂದು ನಾಲ್ಕೈದು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಆರು ಕಿಲೋಮೀಟರ್ ಆಸುಪಾಸು, ಅಲ್ಲಿವರೆಗೆ ತೊಂದರೆ ಕಮ್ಮಿ, ದೂರ ಹೋದ ಹಾಗೆ ಬಾರ್ ಒಂದಿದ್ದೂ ಡೇಟಾ ಹೋಗುವುದಿಲ್ಲ. ಕಯಾಕಲ್ಲಿ ಕೂತು ಜೇಬಲ್ಲಿಟ್ಟ ಫೋನಿಗೂ ನಿಂತು ಕೈ ಎತ್ತಿ ಹಿಡಿದ ಫೋನಿಗೂ ನಿಜಕ್ಕೂ ವ್ಯತ್ಯಾಸ ಉಂಟು, ಆದ್ರೆ ಕಯಾಕಲ್ಲಿ ನಿಲ್ಲಬೇಡಿ ಮಾರಾಯ್ರೆ.

ಡೇಟಾ ಹೋಗದ ಜಾಗದಲ್ಲೂ ಎಸ್‌ಎಂಎಸ್ ಎಷ್ಟೋ ಸಲ ಹೋಗ್ತದೆ. ಹಾಗಾಗಿ ಲೈವ್ ನಿಂತ್ರೆ ಜಾಗದ ನಂಬರನ್ನು, ಅಂದ್ರೆ ಅಕ್ಷಾಂಶ ರೇಖಾಂಶವನ್ನು, ಮೆಸೇಜಲ್ಲಿ ಕಳಿಸಿ. ಬೋಟಿನಲ್ಲಿ ಇಬ್ಬರಿದ್ರೆ ಇಬ್ಬರ ಸಿಮ್ಮೂ ಒಂದೇ ಕಂಪನಿದು ಇಡುವುದಕ್ಕಿಂತ ಬೇರೆ ಬೇರೆ ಇಡಿ, ಯಾವುದಕ್ಕೆ ರೇಂಜ್ ಅನ್ನುವುದು ಜಾಗದಿಂದ ಜಾಗಕ್ಕೆ ಬದಲಾಗ್ತದೆ. ರೇಂಜ್ ಸಿಗದ ಫೋನು ಟವರ್ ಹುಡುಕಿ ಹುಡುಕಿ ಬ್ಯಾಟರಿ ಕುಡೀತದೆ, ಅಂಥ ಕಡೆ ಒಂದು ಫೋನನ್ನು ಏರ್‌ಪ್ಲೇನ್ ಮೋಡಲ್ಲಿ ಮುಚ್ಚಿಡಿ, ಮ್ಯಾಪ್ ಅದರಲ್ಲೂ ನಡೀತದೆ.

ಇದಕ್ಕೆಲ್ಲ ಮೇಲೆ, ಮನೆಯವರಿಗೆ ಹೊರಡುವಾಗಲೇ ಎರಡು ಸಮಯ ಹೇಳಿ ಹೋಗಿ, ಎಷ್ಟು ಗಂಟೆಗೆ ಬರ್ತೇವೆ, ಎಷ್ಟು ಗಂಟೆವರೆಗೆ ಬರದಿದ್ರೆ 1554ಕ್ಕೆ ಮಾಡ್ಬೇಕು. ಚುಕ್ಕಿ ನಿಂತ ಕೂಡಲೇ ಗಾಬರಿಯೂ ಬೇಡ, ರಾತ್ರಿ ಹತ್ತಾದ್ರೂ ರೇಂಜ್ ಇರ್ಲಿಕ್ಕಿಲ್ಲ ಅಂತ ಸುಮ್ಮನೆ ಕೂರುವುದೂ ಬೇಡ. ಮತ್ತೆ ಚುಕ್ಕಿಯ ಕೊನೆಯ ಜಾಗವನ್ನು ಸಮಯ ಸಮೇತ ಸ್ಕ್ರೀನ್‌ಶಾಟ್ ತೆಗೆದಿಡ್ಲಿಕ್ಕೆ ಹೇಳಿ, ಹುಡುಕುವವರು ಮೊದ್ಲು ಕೇಳುವುದೇ ಅದನ್ನು. 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಸಮೇತ ಕಾಣೆಯಾಗಿ, ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಅದೂ ಮಹಾರಾಷ್ಟ್ರದ ಕಡಲಲ್ಲಿ. ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ.

ಎದುರು ಹಡಗು ಕಣ್ಣಿಗೆ ಕಾಣ್ತದೆ, ಆಪ್‌ನಲ್ಲಿ ಇಲ್ಲ

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು, ಮತ್ತೆ ಇದರಲ್ಲಿ ಹೆಚ್ಚಿನ ಸಲ ನಿಮ್ಮ ಫೋನಿನ ತಪ್ಪು ಏನೂ ಇರುವುದಿಲ್ಲ. ಮೆರೈನ್ ಟ್ರಾಫಿಕ್, ವೆಸೆಲ್ ಫೈಂಡರ್ ಅಂಥ ಆಪ್ ತೋರಿಸುವುದು ಎಐಎಸ್ ಇಟ್ಕೊಂಡ, ಅದನ್ನು ಆನ್ ಇಟ್ಟ, ದಡದ ರಿಸೀವರ್ ಕಿವಿಗೆ ಬಿದ್ದ ಹಡಗುಗಳನ್ನು ಮಾತ್ರ. ಮೂರರಲ್ಲಿ ಒಂದು ತಪ್ಪಿದ್ರೂ ಅಲ್ಲಿ ಬರೀ ನೀಲಿ ನೀರು ಕಾಣ್ತದೆ.

ಮೊದಲ ಚೆಕ್ ಸುಲಭ. ನವಮಂಗಳೂರು ಬಂದರಿನ ಹೊರಗೆ ಲಂಗರು ಹಾಕಿ ನಿಂತ ದೊಡ್ಡ ಹಡಗುಗಳನ್ನು ಆಪ್‌ನಲ್ಲಿ ಹುಡುಕಿ. ಅವೂ ಇಲ್ಲ ಅಂದ್ರೆ ನಿಮ್ಮ ನೆಟ್ ಹೋಗಿದೆ, ಇಲ್ಲ ಫಿಲ್ಟರಲ್ಲಿ ಯಾವುದೋ ಜಾತಿಯ ಹಡಗನ್ನು ಮರೆಮಾಡಿ ಇಟ್ಟಿದ್ದೀರಿ. ಅವು ಇದ್ದು ಎದುರಿನದ್ದು ಮಾತ್ರ ಇಲ್ಲ ಅಂದ್ರೆ ಫೋನ್ ಬದಿಗಿಡಿ, ಕಾರಣ ಆಚೆ ಬದಿಯಲ್ಲಿ ಉಂಟು.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಎಐಎಸ್ ಕಡ್ಡಾಯ ಇರುವುದು ದೇಶ ದೇಶದ ಮಧ್ಯೆ ಓಡುವ 300 ಗ್ರಾಸ್ ಟನ್ ಮತ್ತು ಮೇಲಿನ ಹಡಗುಗಳಿಗೆ, ಪ್ರಯಾಣಿಕರ ಹಡಗುಗಳಿಗೆ, ಹೀಗೆ. ನಾಡದೋಣಿಗೆ ಇಲ್ಲ, ನಿಮ್ಮ ಹಾಗಿನ ಇನ್ನೊಂದು ಫೈಬರ್ ಬೋಟಿಗೆ ಇಲ್ಲ, ರಾತ್ರಿ ಬಲೆ ಬಿಟ್ಟು ಲೈಟ್ ಆರಿಸಿ ಮಲಗಿದ ದೋಣಿಗಂತೂ ಇಲ್ಲ. ಈಗ ಮೀನುಗಾರಿಕೆ ಬೋಟುಗಳಿಗೆ ಸರ್ಕಾರ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಹಾಕಿಸ್ತಾ ಉಂಟಲ್ಲ, ಅದು ಸ್ಯಾಟಲೈಟ್ ಮೂಲಕ ಅಧಿಕಾರಿಗಳಿಗೆ ಹೋಗುವ ಬೇರೆಯೇ ವ್ಯವಸ್ಥೆ, ನಿಮ್ಮ ಆಪ್‌ನಲ್ಲಿ ಆ ಬೋಟು ಕಾಣುವುದಿಲ್ಲ. ಕಾರವಾರದ ಕಡೆ ಯುದ್ಧನೌಕೆಗಳು ಬೇಕೆಂದೇ ಎಐಎಸ್ ಆಫ್ ಇಟ್ಟು ಓಡಾಡಬಹುದು, ಅಲ್ಲಿ ನೌಕಾನೆಲೆಯ ನಿಷೇಧಿತ ಜಾಗದ ಹತ್ರಕ್ಕೇ ಹೋಗ್ಬೇಡಿ, ಅದು ಬೇರೆ ವಿಷಯ. ಇನ್ನು ತೇಲುವ ಕಸ ಯಾವ ಆಪ್‌ನಲ್ಲೂ ಇಲ್ಲ, 2025ರ ಮೇನಲ್ಲಿ ಕೊಚ್ಚಿ ಹತ್ರ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಕಂಟೇನರುಗಳು ತೇಲಿ ಕೇರಳದ ದಡಕ್ಕೆ ಬಿದ್ದದ್ದು ನೆನಪಿದ್ರೆ ಸಾಕು.

ಎರಡನೇ ವಿಷಯ, ಕಾಣುವ ಹಡಗೂ ಅಲ್ಲೇ ಉಂಟು ಅಂತ ಅಲ್ಲ. ಹಡಗಿನ ಮೇಲೆ ಒತ್ತಿದ್ರೆ ಕೊನೆಯ ಮಾಹಿತಿ ಎಷ್ಟು ನಿಮಿಷದ ಹಿಂದಿನದ್ದು ಅಂತ ಬರ್ತದೆ, ಹೆಸರಿಗಿಂತ ಮೊದ್ಲು ಅದನ್ನು ಓದಿ. ದೊಡ್ಡ ಹಡಗಿನ ಎಐಎಸ್ ಓಡುವಾಗ 2ರಿಂದ 10 ಸೆಕೆಂಡಿಗೊಮ್ಮೆ ಹೇಳ್ತದೆ, ಲಂಗರು ಹಾಕಿದ್ರೆ 3 ನಿಮಿಷಕ್ಕೊಮ್ಮೆ, ಆದ್ರೆ ಅದು ದಡ, ಸರ್ವರ್, ನಿಮ್ಮ ಒಂದು ಬಾರಿನ ನೆಟ್ ಎಲ್ಲ ದಾಟಿ ಬರುವಾಗ ನಿಮಿಷಗಟ್ಟಲೆ ಹಳತಾಗಿರಬಹುದು. 14 ನಾಟ್ ಅಂದ್ರೆ ಗಂಟೆಗೆ 26 ಕಿಲೋಮೀಟರ್, ಹತ್ತು ನಿಮಿಷದಲ್ಲಿ ಆ ಹಡಗು ನಾಲ್ಕು ಕಿಲೋಮೀಟರಿಗಿಂತ ಮುಂದೆ ಬಂದಾಯ್ತು. ಆಪ್‌ನಲ್ಲಿ ದೂರ ಉಂಟು ಅಂತ ನೀವು ಗಾಳ ಹಾಕಿ ಕೂತಿದ್ರೆ ತಲೆ ಎತ್ತುವಾಗ ಎದುರು ಗೋಡೆ. ಅಷ್ಟು ದೊಡ್ಡದು ನಿಲ್ಲಬೇಕಾದ್ರೆ ಮೈಲುಗಟ್ಟಲೆ ಬೇಕು, ತಪ್ಪಿಸ್ಕೊಳ್ಬೇಕಾದ್ದು ನೀವೇ.

ಹೆಸರು ಇಲ್ಲದೆ ಬರೀ ಒಂಬತ್ತು ಅಂಕೆ ತೋರಿಸ್ತಾ ಇದ್ರೆ ಅದು ದೋಷ ಅಲ್ಲ, ಅದು ಎಂಎಂಎಸ್‌ಐ ಅನ್ನುವ ಹಡಗಿನ ಗುರುತಿನ ನಂಬರ್. ಜಾಗ ಒಂದು ಮೆಸೇಜಲ್ಲಿ ಬರ್ತದೆ, ಹೆಸರು ಅಳತೆ ಎಲ್ಲ ಬೇರೆ ಮೆಸೇಜಲ್ಲಿ 6 ನಿಮಿಷಕ್ಕೊಮ್ಮೆ. ಸ್ವಲ್ಪ ಕಾದ್ರೆ ಹೆಸರು ಬರ್ತದೆ. 419ರಿಂದ ಶುರುವಾಗುವುದು ಭಾರತದ ಹಡಗು. ದಡದಿಂದ ದೂರ ಹೋದ ಕೂಡಲೇ ಹಡಗುಗಳೆಲ್ಲ ಮಾಯ ಆದ್ರೆ ಅದೂ ದೋಷ ಅಲ್ಲ, ದಡದ ರಿಸೀವರಿಗೆ ಕೇಳುವ ದೂರಕ್ಕೆ ಮಿತಿ ಉಂಟು, ಆಮೇಲೆ ಸ್ಯಾಟಲೈಟ್ ಮಾಹಿತಿ ಬೇಕು, ಅದಕ್ಕೆ ದುಡ್ಡು ಕೇಳ್ತಾರೆ, ಕೊಟ್ಟರೂ ಅದು ಡಿಕ್ಕಿ ತಪ್ಪಿಸುವಷ್ಟು ತಾಜಾ ಇರುವುದಿಲ್ಲ. ಖುಷಿಗೆ ಹೋಗುವವರು ಇದಕ್ಕೆ ದುಡ್ಡು ಹಾಕುವುದು ದಂಡ ಅಂತ ನನ್ನ ಅಭಿಪ್ರಾಯ, ಅದೇ ದುಡ್ಡಿಗೆ ಒಳ್ಳೆ ಲೈಟು ಮತ್ತೆ ಹಡಗಿನ ರೇಡಾರಿಗೆ ನಿಮ್ಮ ಬೋಟು ಚೆನ್ನಾಗಿ ಕಾಣುವ ಹಾಗೆ ಮಾಡುವ ರೇಡಾರ್ ರಿಫ್ಲೆಕ್ಟರ್ ಒಂದು ತಗೊಳ್ಳಿ.

ಆಪ್‌ನಲ್ಲಿ ನಮ್ಮ ಬೋಟಿನ ಹೆಸರು ಉಂಟು, ಹಡಗಿನವರಿಗೆ ಕಾಣುವುದಿಲ್ಲ

ಕೆಲವು ಆಪ್ ನಿಮ್ಮ ಫೋನಿನ ಜಾಗವನ್ನು ಇಂಟರ್ನೆಟ್ ಮೂಲಕ ಮ್ಯಾಪಿಗೆ ಹಾಕ್ತಾವೆ, ಅಲ್ಲಿ ನಿಮ್ಮ ಬೋಟಿನ ಚಿತ್ರವೂ ಹಡಗುಗಳ ಪಕ್ಕದಲ್ಲೇ ಕೂರ್ತದೆ. ನೋಡ್ಲಿಕ್ಕೆ ಚೆಂದ. ಆದ್ರೆ ಹಡಗಿನ ಬ್ರಿಜ್‌ನಲ್ಲಿ ಕೂತವನು ನೋಡುವುದು ರೇಡಾರ್ ಮತ್ತೆ ತನ್ನ ಎಐಎಸ್ ಸೆಟ್ಟು, ಅದು ಕೇಳುವುದು 161.975 ಮತ್ತು 162.025 ಮೆಗಾಹರ್ಟ್ಸ್ ರೇಡಿಯೋವನ್ನು. ಫೋನಿಗೆ ಆ ರೇಡಿಯೋ ಇಲ್ಲವೇ ಇಲ್ಲ. ಯಾವ ಸೆಟ್ಟಿಂಗ್ ಒತ್ತಿದ್ರೂ ಫೋನು ಎಐಎಸ್ ಆಗುವುದಿಲ್ಲ. ಹಾಗಾಗಿ ಇದನ್ನು ರಿಪೇರಿ ಮಾಡ್ಲಿಕ್ಕೆ ಹೊರಡುವುದೇ ಬೇಡ.

ಬೋಟಿಗೆ ನಿಜವಾದ ಕ್ಲಾಸ್ ಬಿ ಎಐಎಸ್, ಅಂದ್ರೆ ಸಣ್ಣ ಬೋಟಿಗೆ ಅಂತಲೇ ಇರುವ ಸೆಟ್ಟು ಹಾಕಿಸಿ ಅದನ್ನು ವೈಫೈಯಲ್ಲಿ ಫೋನಿಗೆ ಜೋಡಿಸಿದವರಿಗೆ ಬೇರೆ ಚೆಕ್. ಫೋನಲ್ಲಿ ಏನೂ ಬರ್ತಾ ಇಲ್ಲ ಅಂದ್ರೆ, ಆ ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅಂತ ಫೋನು ತಾನಾಗಿ ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರಿರ್ತದೆ. 'ಇಂಟರ್ನೆಟ್ ಇಲ್ಲ, ಆದರೂ ಇರಲಾ' ಅಂತ ಕೇಳಿದಾಗ ಹೌದು ಅನ್ನಿ, ಒಪ್ಪದಿದ್ರೆ ಮೊಬೈಲ್ ಡೇಟಾ ಸ್ವಲ್ಪ ಹೊತ್ತು ಆಫ್ ಮಾಡಿ. ಆಮೇಲೆ ಆಪ್‌ನಲ್ಲಿ ಐಪಿ ಅಡ್ರೆಸ್ಸು, ಪೋರ್ಟ್ ನಂಬರ್, ಟಿಸಿಪಿಯಾ ಯುಡಿಪಿಯಾ ಅಂತ ಸೆಟ್ಟಿನ ಪುಸ್ತಕ ನೋಡಿ ಸರಿಮಾಡಿ, ಪೋರ್ಟ್ ಹೆಚ್ಚಾಗಿ 10110 ಇರ್ತದೆ. ಬೇರೆ ಹಡಗು ಕಾಣ್ತದೆ ಆದ್ರೆ ನೀವು ಬೇರೆಯವರಿಗೆ ಕಾಣುವುದಿಲ್ಲ ಅಂದ್ರೆ ಪ್ರಸಾರ ನಿಲ್ಲಿಸುವ ಸೈಲೆಂಟ್ ಸ್ವಿಚ್ ಆನ್ ಇರಬಹುದು, ಎಂಎಂಎಸ್‌ಐ ನಂಬರ್ ಹಾಕದೇ ಇರಬಹುದು, ಇಲ್ಲ ಆಂಟೆನಾ ಕೇಬಲಿನ ಜಾಯಿಂಟಲ್ಲಿ ಉಪ್ಪು ಕೂತು ಹಸಿರು ಕಟ್ಟಿರಬಹುದು. ನಿಧಾನಕ್ಕೆ, 2 ನಾಟಿಗಿಂತ ಕಮ್ಮಿ ಹೋಗ್ತಾ ಇದ್ರೆ ಕ್ಲಾಸ್ ಬಿ 3 ನಿಮಿಷಕ್ಕೊಮ್ಮೆ ಮಾತ್ರ ಹೇಳ್ತದೆ, ಓಡುವಾಗ 30 ಸೆಕೆಂಡಿಗೊಮ್ಮೆ, ಆದ್ದರಿಂದ ಧಕ್ಕೆಯಲ್ಲಿ ನಿಂತು ಒಂದು ನಿಮಿಷ ನೋಡಿ ಕೆಟ್ಟಿದೆ ಅಂತ ತೀರ್ಮಾನ ಮಾಡ್ಬೇಡಿ. ಎಂಎಂಎಸ್‌ಐ ನಂಬರ್ ಕೆಲವು ಸೆಟ್ಟಲ್ಲಿ ಒಂದೇ ಸಲ ಹಾಕ್ಲಿಕ್ಕೆ ಬಿಡುವುದು, ತಪ್ಪಿದ್ರೆ ಡೀಲರ್ ಹತ್ರವೇ ಹೋಗ್ಬೇಕು, ಇಲ್ಲಿ ನೀವಾಗಿ ಏನೂ ಒತ್ಬೇಡಿ. ಮತ್ತೆ ನಮ್ಮ ದೇಶದಲ್ಲಿ ಪ್ರಸಾರ ಮಾಡುವ ಇಂಥ ರೇಡಿಯೋ ಸೆಟ್ಟಿಗೆ ಲೈಸೆನ್ಸ್ ಬೇಕು, ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ತರಿಸಿ ಹಾಕಿದ್ರೆ ಕಾನೂನಿನ ತಲೆನೋವು ಬೇರೆ.

ಬಾಣ ಒಂದು ಕಡೆ, ಬೋಟಿನ ಮೂತಿ ಒಂದು ಕಡೆ

ನಿಂತಲ್ಲೇ ಬಾಣ ಗಿರಗಿರ ತಿರುಗಿದ್ರೆ ತಲೆ ಕೆಡಿಸ್ಬೇಡಿ. ಚಲಿಸುವ ದಿಕ್ಕನ್ನು ಜಿಪಿಎಸ್ ಎರಡು ಜಾಗದ ವ್ಯತ್ಯಾಸದಿಂದ ಲೆಕ್ಕ ಹಾಕುವುದು, ನಿಂತಿದ್ರೆ ಲೆಕ್ಕ ಹಾಕ್ಲಿಕ್ಕೆ ಏನೂ ಇಲ್ಲ. ಎರಡು ಮೂರು ನಾಟ್ ವೇಗ ಬಂದ ಮೇಲೆ ಸರಿಯಾಗ್ಬೇಕು. ಓಡುವಾಗಲೂ ಮೂತಿ ಪಶ್ಚಿಮಕ್ಕೆ, ಬಾಣ ಸ್ವಲ್ಪ ದಕ್ಷಿಣಕ್ಕೆ ಅಂತ ಇದ್ರೆ ಅದು ನಿಜವೇ, ಗಾಳಿಯೋ ನೀರಿನ ಸೆಳೆತವೋ ನಿಮ್ಮನ್ನು ಬದಿಗೆ ಒಯ್ತಾ ಉಂಟು. ಆದ್ರೆ ಕಂಪಾಸ್ ಮೋಡಲ್ಲಿ ನಲ್ವತ್ತು ಐವತ್ತು ಡಿಗ್ರಿ ತಪ್ಪು ತೋರಿಸಿದ್ರೆ ಮ್ಯಾಗ್ನೆಟ್ ಇರುವ ಹೋಲ್ಡರ್, ಬ್ಲೂಟೂತ್ ಸ್ಪೀಕರ್, ಫೋನಿನ ಫ್ಲಿಪ್ ಕವರ್ ತೆಗೀರಿ, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಹಾಗೆ ತಿರುಗಿಸಿ. ಟ್ರೂ ನಾರ್ತ್, ಮ್ಯಾಗ್ನೆಟಿಕ್ ನಾರ್ತ್ ಬದಲಾಯಿಸಿ ಪ್ರಯೋಜನ ಇಲ್ಲ, ನಮ್ಮ ಕರಾವಳಿಯಲ್ಲಿ ಎರಡಕ್ಕೂ ವ್ಯತ್ಯಾಸ ಎರಡು ಡಿಗ್ರಿಯೂ ಇಲ್ಲ.

ಜಾಗದ ನಂಬರ್ ಹೇಳಿದ್ವಿ, ಹುಡುಕುವವರು ಬೇರೆಲ್ಲೋ ಹೋದ್ರು

ಸೇಂಟ್ ಮೇರಿಸ್ ದ್ವೀಪದ ಹತ್ರ ಇದ್ದೀರಿ ಅಂತ ಇಟ್ಕೊಳ್ಳಿ, ಫೋನ್ ತೋರಿಸುವುದು 13.379 ಉತ್ತರ, 74.673 ಪೂರ್ವ. ಇದು ಡಿಗ್ರಿಯ ದಶಮಾಂಶ. ಬೋಟಿನವರು, ಕೋಸ್ಟ್ ಗಾರ್ಡಿನವರು ವಾಡಿಕೆಯಲ್ಲಿ ಡಿಗ್ರಿ ಮತ್ತೆ ನಿಮಿಷದಲ್ಲಿ ಮಾತಾಡುವುದು, ಅದರಲ್ಲಿ ಇದೇ ಜಾಗ 13 ಡಿಗ್ರಿ 22.74 ನಿಮಿಷ, 74 ಡಿಗ್ರಿ 40.38 ನಿಮಿಷ. ನೀವು ಗಡಿಬಿಡಿಯಲ್ಲಿ 'ಹದಿಮೂರು, ಮೂವತ್ತೇಳು ಒಂಬತ್ತು' ಅಂದ್ರೆ ಆಚೆಯವರು 13 ಡಿಗ್ರಿ 37.9 ನಿಮಿಷ ಅಂತ ಬರ್ಕೊಳ್ತಾರೆ, ಅದು ಕುಂದಾಪುರದ ಹತ್ರ. ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲು, 1852 ಮೀಟರ್, ಹಾಗಾಗಿ ಹದಿನೈದು ಮೈಲು, 28 ಕಿಲೋಮೀಟರ್ ತಪ್ಪು. ತಪ್ಪು ಹಿಡೀಲಿಕ್ಕೆ ಪೂರ್ವದ ನಂಬರ್ ನೋಡಿ, 67.3 ನಿಮಿಷ ಅಂತ ಇರ್ಲಿಕ್ಕೇ ಸಾಧ್ಯ ಇಲ್ಲ, ನಿಮಿಷ 60 ದಾಟುವುದಿಲ್ಲ.

ಆಪ್‌ನಲ್ಲಿ ಮೊದ್ಲೇ ಡಿಗ್ರಿ ನಿಮಿಷಕ್ಕೆ ಬದಲಾಯಿಸಿಡಿ, ಹೇಳುವಾಗ 'ಡಿಗ್ರಿ', 'ಪಾಯಿಂಟ್', 'ನಿಮಿಷ' ಎಲ್ಲ ಬಾಯಿಬಿಟ್ಟು ಹೇಳಿ, ಜೊತೆಗೆ ಕಣ್ಣಿಗೆ ಕಾಣುವ ಗುರುತು ಒಂದು ಸೇರಿಸಿ, ಕಾಪು ಲೈಟ್‌ಹೌಸ್ ಯಾವ ದಿಕ್ಕಿಗೆ ಅಂತ ಹೇಳಿದ್ರೂ ಸಾಕು. ವೇಗ ಎರಡು ಪಟ್ಟು ಅನ್ನಿಸಿದ್ರೆ ಅದೂ ಇದೇ ಜಾತಿಯ ಗೊಂದಲ, ಕಿಲೋಮೀಟರಿಗೂ ನಾಟಿಗೂ.

ಮ್ಯಾಪಲ್ಲಿ ಆಳ ಉಂಟು, ಬೋಟು ತಳ ಮುಟ್ತು

ಗೂಗಲ್ ಮ್ಯಾಪಲ್ಲಿ ಕಡಲಿನ ಆಳ ಇರುವುದಿಲ್ಲ, ಮೊದಲನೇದಾಗಿ. ಆಳ ತೋರಿಸುವ ಚಾರ್ಟ್ ಆಪ್ ಇದ್ದರೂ ಅಳಿವೆ ಬಾಗಿಲಲ್ಲಿ ಅದನ್ನು ನಂಬ್ಬೇಡಿ, ಅಲ್ಲಿ ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಾಯಿಸ್ತದೆ, ಚಾರ್ಟ್ ಮಾಡಿದವರು ಬಂದು ಅಳೆದು ಎಷ್ಟು ವರ್ಷ ಆಗಿರ್ತದೋ. ಧಕ್ಕೆಯಲ್ಲಿ ಯಾವುದಾದ್ರೂ ಬೋಟಿನ ತಾಂಡೇಲರನ್ನು, ಅಂದ್ರೆ ಬೋಟು ನಡೆಸುವವರನ್ನು ಕೇಳಿ, ಈಗ ಬಾಗಿಲು ಎಲ್ಲಿ ಬಿದ್ದಿದೆ ಅಂತ. ಅವರು ಕೈ ತೋರಿಸಿ ಹೇಳುವುದು ಆಪಿಗಿಂತ ಸರಿ.

ಫೋನ್ ಬಿಸಿ, ಸ್ಕ್ರೀನ್ ಮಂಕು, ಟಚ್ ಹುಚ್ಚು

ಐಫೋನಿಗೆ ಹೊರಗಿನ ಉಷ್ಣತೆ 35 ಡಿಗ್ರಿವರೆಗೆ ಅಂತ ಕಂಪನಿಯೇ ಹೇಳ್ತದೆ, ಏಪ್ರಿಲ್ ಮಧ್ಯಾಹ್ನ ಪ್ಲಾಸ್ಟಿಕ್ ಪೌಚಿನೊಳಗೆ ಬಿಸಿಲಿಗೆ ಬಿದ್ದ ಫೋನು ಅದಕ್ಕಿಂತ ಎಷ್ಟೋ ಮೇಲೆ. ಮೊದ್ಲು ಸ್ಕ್ರೀನ್ ಮಂಕಾಗ್ತದೆ, ಚಾರ್ಜಿಂಗ್ ನಿಲ್ತದೆ, ಕೊನೆಗೆ ಆಫ್. ನೆರಳಿಗೆ ತನ್ನಿ, ಕವರ್ ಬಿಚ್ಚಿ, ಚಾರ್ಜರ್ ಎಳೀರಿ, ಐಸ್ ಬಾಕ್ಸಿಗೆ ಮಾತ್ರ ಹಾಕ್ಬೇಡಿ, ಒಳಗೆ ನೀರು ಹನಿಗಟ್ತದೆ. ಉಪ್ಪು ನೀರು ಬಿದ್ದ ಸ್ಕ್ರೀನ್ ತಾನಾಗಿ ಒತ್ತಿಕೊಂಡ ಹಾಗೆ ಮಾಡ್ತದೆ, ಅದಕ್ಕೆ ಒಂದು ಒಣ ಹತ್ತಿ ಬಟ್ಟೆಯನ್ನು ಜಿಪ್ ಕವರಲ್ಲಿ ಬೇರೆ ಇಟ್ಕೊಳ್ಳಿ. ತುರ್ತಿಗೆ ಪವರ್ ಬಟನ್ ಐದು ಸಲ ಒತ್ತುವ ಎಸ್‌ಓಎಸ್ ಹೆಚ್ಚಿನ ಹೊಸ ಆಂಡ್ರಾಯ್ಡ್‌ಗಳಲ್ಲಿ ಉಂಟು, ದಡದಲ್ಲೇ ಸೆಟ್ ಮಾಡಿಡಿ, ಒದ್ದೆ ಸ್ಕ್ರೀನಲ್ಲಿ ನಂಬರ್ ಒತ್ತುವ ಕಷ್ಟ ತಪ್ತದೆ.

ವಾಟರ್‌ಪ್ರೂಫ್ ಅಂತ ಬರೆದದ್ದು ಸಿಹಿನೀರಲ್ಲಿ ಪರೀಕ್ಷೆ ಮಾಡಿದ ಲೆಕ್ಕ. ಚಾರ್ಜಿಂಗ್ ಪೋರ್ಟಿಗೆ ಕಡಲ ನೀರು ಹೋಗಿದ್ರೆ ಒಣಗದೆ ಕೇಬಲ್ ಸಿಕ್ಕಿಸ್ಲೇಬೇಡಿ, ಅಲ್ಲೇ ಸುಟ್ಟು ಕರಕಲಾಗ್ತದೆ. ಪವರ್ ಬ್ಯಾಂಕ್ ಒದ್ದೆಯಾಗಿ ಉಬ್ಬಿದ್ದೋ ಬಿಸಿಯಾದದ್ದೋ ಕಂಡ್ರೆ ಅದನ್ನು ಪೆಟ್ರೋಲ್ ಟ್ಯಾಂಕಿಂದ ದೂರ ಇಡಿ, ದಡಕ್ಕೆ ಬಂದ ಮೇಲೂ ಅದನ್ನು ಬಳಸ್ಬೇಡಿ.

ಯಾವಾಗ ಕೈಬಿಡ್ಬೇಕು

ಎರಡು ಫೋನಲ್ಲೂ ಜಾಗ ಸಿಗ್ಲಿಲ್ಲ, ಇಲ್ಲ ಮಬ್ಬು ಬಂದು ದಡ ಕಾಣ್ತಾ ಇಲ್ಲ, ಇಲ್ಲ ಒಂದೇ ಫೋನ್ ಉಂಟು ಅದರಲ್ಲಿ ಚಾರ್ಜ್ ಕಾಲು ಭಾಗ, ಈ ಮೂರರಲ್ಲಿ ಯಾವುದಾದ್ರೂ ಆದ್ರೆ ಚೆಕ್ ಮಾಡುವುದು ನಿಲ್ಲಿಸಿ ಪೂರ್ವಕ್ಕೆ ತಿರುಗಿ. ನಮ್ಮ ಕಡಲಲ್ಲಿ ಅದೊಂದು ಅನುಕೂಲ, ದಡ ಯಾವಾಗಲೂ ಪೂರ್ವಕ್ಕೆ, ಅಗ್ಗದ ಕಂಪಾಸ್ ಆದ್ರೂ ಸಾಕು. ಕೊನೆಯ ಚಾರ್ಜನ್ನು ಮ್ಯಾಪಿಗಲ್ಲ, ಒಂದು ಫೋನ್ ಕಾಲಿಗೆ ಉಳಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬೋಟುಗಳಿಗೆ ನಿಷೇಧ ಇರ್ತದೆ, ಆ ಹೊತ್ತಲ್ಲಿ ಕೈ ಬೀಸಿದ್ರೆ ನೋಡ್ಲಿಕ್ಕೆ ಕಡಲಲ್ಲಿ ಬೇರೆ ಬೋಟು ಇರುವುದೇ ಕಮ್ಮಿ, ಖುಷಿ ಬೋಟಿಂಗ್ ಆಗ ಬೇಡವೇ ಬೇಡ.

ಪದೇ ಪದೇ ದೂರ ಹೋಗುವವರು ಫೋನಿನ ಮೇಲೆ ಇನ್ನೂ ಆಪ್ ಪೇರಿಸುವ ಬದಲು ಅಪಾಯದಲ್ಲಿ ಒತ್ತಿದ್ರೆ ಸಹಾಯಕ್ಕೆ ಸಿಗ್ನಲ್ ಕಳಿಸುವ 406 ಮೆಗಾಹರ್ಟ್ಸ್‌ನ ಡಿಸ್ಟ್ರೆಸ್ ಬೀಕನ್ ಬಗ್ಗೆ ವಿಚಾರಿಸಿ. ಅದರ ಕೂಗು ಸ್ಯಾಟಲೈಟ್ ಮೂಲಕ ಬಂದು ಮುಟ್ಟುವುದು ನಮ್ಮ ಬೆಂಗಳೂರಲ್ಲೇ ಇರುವ ಇಸ್ರೋದ ಮಿಷನ್ ಕಂಟ್ರೋಲ್ ಸೆಂಟರಿಗೆ, ಅಲ್ಲಿಂದ ಕೋಸ್ಟ್ ಗಾರ್ಡಿಗೆ. ನಂಬರ್ ನೋಂದಣಿ ಮಾಡಿಸದೇ ಇಟ್ಕೊಂಡ್ರೆ ಯಾರ ಬೋಟು ಅಂತ ಅವರಿಗೆ ಗೊತ್ತಾಗುವುದಿಲ್ಲ. ಫಾರಿನ್ನಿಂದ ಅಣ್ಣನೋ ಭಾವನೋ ತಂದುಕೊಟ್ಟ ಸ್ಯಾಟಲೈಟ್ ಫೋನು, ಸ್ಯಾಟಲೈಟಲ್ಲಿ ಮೆಸೇಜ್ ಕಳಿಸುವ ಗಾರ್ಮಿನ್ ಇನ್‌ರೀಚ್ ಅಂಥದ್ದನ್ನು ಅನುಮತಿ ಇಲ್ಲದೆ ಇಟ್ಕೊಳ್ಳುವುದು ಇಲ್ಲಿ ಅಪರಾಧ, ಏರ್‌ಪೋರ್ಟಲ್ಲೇ ಜನರನ್ನು ಹಿಡಿದದ್ದುಂಟು, ಕಡಲಲ್ಲಿ ಅದನ್ನು ಆನ್ ಮಾಡಿದ್ರೆ ಹುಡುಕಿಕೊಂಡು ಬರುವುದು ರಕ್ಷಣೆಗೆ ಅಲ್ಲ.